ನಾಯಿ ಕೊಟ್ಟು ಕುದುರೆ ತರಲು ಹೋದದ್ದು

ಅರ್ಥಶಾಸ್ತ್ರ ಓದಿದವನು ಕೊಡು-ಕೊಳ್ಳುವ ವ್ಯವಹಾರದಲ್ಲಿ ಎಂದೂ ಸೋಲುವುದಿಲ್ಲ ಎಂದು ಕುಶಾಲನಗರದ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಹೇಳುತ್ತಾ ಬಂದಿದ್ದೇನೆ. ಮಕ್ಕಳು ಅದನ್ನು ನೋಟ್ಸ್‌ನಲ್ಲಿ ಬರೆದುಕೊಂಡಿದ್ದಾರೆ. ದಯವಿಟ್ಟು ಅಳಿಸಿಬಿಡಿ ಎಂದು ಅವರನ್ನು ಈ ಮೂಲಕ ಕೋರುತ್ತೇನೆ.

ಮೊದಲು ನನ್ನ ಹವ್ಯಾಸದ ಬಗ್ಗೆ ಹೇಳಬೇಕು. ನಾನು ರೆಕ್ಕೆ ಇರುವ ಆಟಿಕೆ ಕುದುರೆಮರಿಗಳನ್ನು ಸಂಗ್ರಹಿಸುತ್ತೇನೆ. ಅಂಗೈಯಷ್ಟು ಉದ್ದದ ಪ್ಲಾಸ್ಟಿಕ್ ಕುದುರೆ, ಬೆನ್ನ ಎರಡೂ ಕಡೆ ಪುಟ್ಟ ರೆಕ್ಕೆ, ಬಾಚಬಹುದಾದ ಜೂಲು, ಬಾಲ. ಈಗಿನವಲ್ಲ, ನನ್ನ ಬಾಲ್ಯದ ಕಾಲದವು. ಐವತ್ತು ದಾಟಿದ ಗಂಡಸಿಗೆ ಇದು ತಕ್ಕದ್ದೇ ಎಂದು ಕೇಳುವವರಿಗೆ ನನ್ನ ಹೆಂಡತಿ ಗಿರಿಜ ಈಗಾಗಲೇ ಉತ್ತರ ಕೊಟ್ಟಿದ್ದಾಳೆ: "ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಕುದುರೆಗೆ ತಲೆ ಬಾಚ್ತಾರೆ. ಬಾಚ್ಕೊಳ್ಲಿ ಬಿಡಿ."

ಈ ಹವ್ಯಾಸದಲ್ಲಿ ಒಂದು ಸೂಕ್ಷ್ಮ ಇದೆ. ಆ ಕಾಲದಲ್ಲಿ ಒಂದೇ ಅಚ್ಚು ದೇಶದಿಂದ ದೇಶಕ್ಕೆ ಹೋಗುತ್ತಿತ್ತು. ಪ್ರತಿಯೊಂದು ದೇಶದ ಕಾರ್ಖಾನೆಯವರೂ ತಮ್ಮಲ್ಲಿದ್ದ ಪ್ಲಾಸ್ಟಿಕ್, ತಮ್ಮಲ್ಲಿದ್ದ ಬಣ್ಣ ಹಾಕಿ ಎರಕ ಹೊಯ್ಯುತ್ತಿದ್ದರು. ಹಾಗಾಗಿ ಒಂದು ದೇಶದಲ್ಲಿ ಗುಲಾಬಿಯಾಗಿ ಹುಟ್ಟಿದ ಕುದುರೆ ಇನ್ನೊಂದು ದೇಶದಲ್ಲಿ ನೇರಳೆಯಾಗಿ ಹುಟ್ಟಿದೆ. ಒಂದು ಕಡೆ ಜೂಲು ರೇಷ್ಮೆ, ಇನ್ನೊಂದು ಕಡೆ ತೆಂಗಿನ ನಾರು. ಯಾವುದು ಎಲ್ಲಿಯದು ಎಂದು ತಿಳಿಯಬೇಕಾದರೆ ಕುದುರೆಯನ್ನು ಮಗುಚಿ ಗೊರಸಿನ ಅಡಿ ನೋಡಬೇಕು. ಅಲ್ಲಿ ದೇಶದ ಹೆಸರು ಅಚ್ಚಾಗಿರುತ್ತದೆ. ನಮ್ಮ ದೇಶದಲ್ಲಿಯೂ ಸ್ವಲ್ಪ ಕಾಲ ತಯಾರಾಗಿದ್ದವು ಎಂದು ಸಂಗ್ರಾಹಕರು ಹೇಳುತ್ತಾರೆ. ಅವುಗಳ ಕಣ್ಣನ್ನು ಕೈಯಿಂದ ಬರೆಯುತ್ತಿದ್ದರಂತೆ. ಆದ್ದರಿಂದ ನಮ್ಮ ಕುದುರೆಗಳಿಗೆ ತುಸು ಮೆಳ್ಳೆಗಣ್ಣು. ನನ್ನ ಶೋಕೇಸಿನಲ್ಲಿ ಎಷ್ಟೋ ದೇಶದ ಕುದುರೆಗಳಿದ್ದವು. ಮೆಳ್ಳೆಗಣ್ಣಿನದು ಒಂದೂ ಇರಲಿಲ್ಲ.

ಹೀಗಿರುವಾಗ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಗಿರಿಜಳ ಮೊಬೈಲಿಗೆ ತಂಗಮ್ಮ ಟೀಚರ್ ಒಂದು ಫೋಟೋ ಕಳುಹಿಸಿದರು. ತಂಗಮ್ಮ ಗಿರಿಜಳ ಜೊತೆ ಒಂದೇ ಶಾಲೆಯಲ್ಲಿ ಕೆಲಸ ಮಾಡಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಈಗ ಮೂರ್ನಾಡಿನ ಆಚೆ ತಮ್ಮ ಕಾಫಿ ತೋಟ ನೋಡಿಕೊಂಡಿದ್ದಾರೆ. ಫೋಟೋದಲ್ಲಿ ಅವರೂರಿನ ದೇವರಕಾಡು. ಮರದ ಬುಡದಲ್ಲಿ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಹರಕೆಯ ಮಣ್ಣಿನ ನಾಯಿಗಳ ಸಾಲು. ಅಲ್ಲಿಯ ದೇವರು ಬೇಟೆಯ ದೇವರು. ಅವನಿಗೆ ನಾಯಿ ಎಂದರೆ ಇಷ್ಟ. ಕಷ್ಟ ಬಂದವರು ನಾಯಿ ಹರಕೆ ಹೊರುತ್ತಾರೆ, ಕಷ್ಟ ಕಳೆದ ಮೇಲೆ ಮಣ್ಣಿನ ನಾಯಿ ತಂದಿಡುತ್ತಾರೆ.

"ಕಟ್ಟೆ ಎಷ್ಟು ಚೆನ್ನಾಗಿ ಕ್ಲೀನ್ ಮಾಡಿಸಿದಾರೆ ನೋಡಿ," ಎಂದು ಗಿರಿಜ ಮೊಬೈಲನ್ನು ನನ್ನ ಮುಂದೆ ಹಿಡಿದಳು.

ನಾನು ಕಟ್ಟೆ ನೋಡಲಿಲ್ಲ. ನಾಯಿಗಳನ್ನೂ ನೋಡಲಿಲ್ಲ. ಎರಡನೇ ಸಾಲಿನಲ್ಲಿ, ಎರಡು ನಾಯಿಗಳ ನಡುವೆ, ಪಾಚಿ ಹಿಡಿದ ಒಂದು ಹಸಿರು ಕುದುರೆ ನಿಂತಿತ್ತು. ಬೆನ್ನ ಮೇಲೆ ರೆಕ್ಕೆ! ಬೆರಳಿಂದ ಫೋಟೋ ಹಿಗ್ಗಿಸಿದೆ. ಎಡಗಣ್ಣು ನನ್ನನ್ನು ನೋಡುತ್ತಿತ್ತು. ಬಲಗಣ್ಣು ಪಕ್ಕದ ನಾಯಿಯನ್ನು ನೋಡುತ್ತಿತ್ತು.

ಬಾಯಲ್ಲಿದ್ದ ಅಕ್ಕಿರೊಟ್ಟಿ ಗಂಟಲಿಗೆ ಸಿಕ್ಕಿಕೊಂಡಿತು. ಗಿರಿಜ ಬೆನ್ನಿಗೆ ಗುದ್ದಿದಳು. ಅಂದರೆ ಈ ಪ್ರಕರಣದ ಮೊದಲ ಪ್ರಾಣಾಪಾಯ ನಮ್ಮ ಊಟದ ಮೇಜಿನಲ್ಲೇ ನಡೆದುಹೋಯಿತು. ನಾನು ಅದನ್ನು ಸೂಚನೆ ಎಂದು ತಿಳಿಯಲಿಲ್ಲ.

ಕೂಡಲೇ ತಂಗಮ್ಮನವರಿಗೆ ಫೋನ್ ಮಾಡಿದೆ.

"ಅದಾ? ಅದು ನನ್ನ ಮಗಳದ್ದು," ಎಂದರು. "ಚಿಕ್ಕವಳಿದ್ದಾಗ ನಮ್ಮ ನಾಯಿ ಕಾಡಲ್ಲಿ ತಪ್ಪಿಸ್ಕೊಂಡಿತ್ತು. ಅವಳು ಹರಕೆ ಹೇಳ್ಕೊಂಡಳು. ನಾಯಿ ವಾಪಸ್ ಬಂತು. ಆದ್ರೆ ಕುಂಬಾರರ ಹತ್ರ ಮಣ್ಣಿನ ನಾಯಿ ಇರ್ಲಿಲ್ಲ. ದೇವರಿಗೆ ಲೇಟ್ ಮಾಡಬಾರದು ಅಂತ ತನ್ನ ಕುದುರೇನೇ ಇಟ್ಟುಬಂದಳು. ದೇವರು ಬೇಡ ಅನ್ಲಿಲ್ಲ."

"ಟೀಚರ್, ಆ ಕುದುರೆ..."

"ಬಂದು ನೋಡಿ ಮೇಷ್ಟ್ರೇ. ಆದ್ರೆ ಮುಟ್ಟೋ ಹಾಗಿಲ್ಲ. ದೇವರಕಾಡಿಂದ ಒಣಕಡ್ಡಿ ಕೂಡ ಈಚೆ ತರೋ ಹಾಗಿಲ್ಲ."

ಫೋನ್ ಇಟ್ಟು ಆ ಮಾತನ್ನು ವಿದ್ವತ್ಪೂರ್ಣವಾಗಿ ಪರಿಶೀಲಿಸಿದೆ. ಮುಟ್ಟುವ ಹಾಗಿಲ್ಲ ಎಂದಿದ್ದರು. ತರುವ ಹಾಗಿಲ್ಲ ಎಂದೂ ಹೇಳಿದ್ದರು. ಆದರೆ ಬದಲಿ ಕೊಡುವ ಹಾಗಿಲ್ಲ ಎಂದು ಹೇಳಿರಲಿಲ್ಲ! ದೇವರಿಗೆ ಸಲ್ಲಬೇಕಾದದ್ದು ನಾಯಿ. ಅನಿವಾರ್ಯ ಕಾರಣದಿಂದ ಕುದುರೆ ಸಂದಿದೆ. ಈಗ ನಾನು ನಾಯಿ ಕೊಟ್ಟು ಕುದುರೆ ತೆಗೆದುಕೊಂಡರೆ ದೇವರ ಲೆಕ್ಕವೂ ಸರಿಯಾಯಿತು, ನನ್ನ ಶೋಕೇಸೂ ತುಂಬಿತು. ವಸ್ತು ವಿನಿಮಯ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಮಣ್ಣಿನ ನಾಯಿಗಾಗಿ ಕುಶಾಲನಗರದ ಅಂಗಡಿಗಳನ್ನೆಲ್ಲ ಸುತ್ತಿದೆ. ಹೂಕುಂಡ ಇತ್ತು, ಹಣತೆ ಇತ್ತು, ನಾಯಿ ಇರಲಿಲ್ಲ. ಕೊನೆಗೆ ಹಾರಂಗಿ ನಾಲೆಯ ದಂಡೆಯಿಂದ ಜೇಡಿಮಣ್ಣು ತಂದು ನಾನೇ ಮಾಡಲು ಕುಳಿತೆ. ಮೊದಲನೆಯದು ಹಿತ್ತಿಲ ಬೆಂಕಿಯಲ್ಲಿ ಪಟಾಕಿಯಂತೆ ಸಿಡಿದು ಪಕ್ಕದ ಮನೆಯವರ ಬಟ್ಟೆ ತಂತಿಯವರೆಗೆ ಹೋಯಿತು. ಎರಡನೆಯದಕ್ಕೆ ಒಂದು ಕಿವಿ ಇರಲಿಲ್ಲ, ಬಾಲ ಇದ್ದೂ ಇಲ್ಲದಂತಿತ್ತು.

ಗಿರಿಜ ಅದನ್ನು ಸುತ್ತಲೂ ತಿರುಗಿಸಿ ನೋಡಿದಳು. "ಇದು ಏನ್ರೀ?"

"ಹರಕೆ ನಾಯಿ. ದೇವರಿಗೆ ಒಪ್ಪಿಸೋಣ ಅಂತ."

ಅವಳ ಮುಖ ನೋಡಬೇಕಿತ್ತು! ಮದುವೆಯಾದಾಗಿನಿಂದ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವ ಗಂಡ ಕೈಯಾರೆ ಹರಕೆ ಮಾಡಿದ್ದಾನೆ! ಅವಳು ನಾಯಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ, ತನ್ನ ಒಳ್ಳೆಯ ಬಟ್ಟೆ ಬ್ಯಾಗಿನಲ್ಲಿ ಮಗು ಮಲಗಿಸಿದಂತೆ ಮಲಗಿಸಿದಳು. ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸ್ವಲ್ಪ ಹೆಮ್ಮೆಯೇ ಆಯಿತು.

ಮುಂದಿನ ಭಾನುವಾರ ತಂಗಮ್ಮನವರ ಮನೆ ತಲುಪಿದಾಗ ಹತ್ತು ಗಂಟೆ. ಅವರ ತೋಟದಲ್ಲಿ ಆಳುಗಳು ಮರ ಹತ್ತಿ ಹಲಸಿನಕಾಯಿಗಳನ್ನೆಲ್ಲ ಕಡಿದು ಇಳಿಸುತ್ತಿದ್ದರು.

"ಹಣ್ಣಾದ್ರೆ ಆನೆ ಬರ್ತದೆ ಮೇಷ್ಟ್ರೇ," ಎಂದರು ತಂಗಮ್ಮ. "ಒಂದು ಹಲಸಿಗೆ ಬಂದು ನೂರು ಕಾಫಿ ಗಿಡ ತುಳಿದು ಹೋಗ್ತದೆ. ಅದಕ್ಕೇ ಮೊದಲೇ ಇಳಿಸೋದು." ಹಾಗೆನ್ನುತ್ತಲೇ ಜಗುಲಿಯಲ್ಲಿದ್ದ ಒಂದು ಪುಟ್ಟ ಹಣ್ಣನ್ನು ತೋರಿಸಿದರು. ಮಗುವಿನ ತಲೆಯಷ್ಟಿತ್ತು. ಘಮ್ಮೆಂದು ಪರಿಮಳ. "ಇದೊಂದು ಹೇಗೋ ಹಣ್ಣಾಗಿಬಿಟ್ಟಿದೆ. ಹೋಗುವಾಗ ತಗೊಂಡು ಹೋಗಿ. ಈಗ ಮುಟ್ಬೇಡಿ, ಇಲ್ಲೇ ಇರ್ಲಿ."

ಇಲ್ಲಿ ನನ್ನ ಅರ್ಥಶಾಸ್ತ್ರ ಮತ್ತೆ ತಲೆ ಎತ್ತಿತು. ನನ್ನ ನಾಯಿಗೆ ಒಂದೇ ಕಿವಿ. ಆ ಕುದುರೆಯೋ ಅಪರೂಪದ್ದು. ವಿನಿಮಯ ಸಮತೋಲನದಲ್ಲಿಲ್ಲ! ದೇವರು ಒಪ್ಪದಿದ್ದರೆ? ನಾಯಿಯ ಜೊತೆಗೆ ಒಂದು ಹಣ್ಣು ಸೇರಿಸಿದರೆ ಸರಿಹೋಗುತ್ತದೆ. ತಂಗಮ್ಮ ಗೇಟಿನ ಬೀಗದ ಕೈ ತರಲು, ಗಿರಿಜ ಕೈ ತೊಳೆಯಲು ಹೋದ ಕ್ಷಣದಲ್ಲಿ ಹಣ್ಣನ್ನು ಬ್ಯಾಗಿನಲ್ಲಿಟ್ಟು ಮೇಲೆ ಟವೆಲ್ ಮುಚ್ಚಿದೆ.

ಕೊಡಗಿನಲ್ಲಿ ಹುಟ್ಟಿದ ಯಾವ ಮಗುವೂ ಹಲಸಿನ ಕಾಲದಲ್ಲಿ ಹಣ್ಣು ಹೊತ್ತು ಕಾಡಿಗೆ ಹೋಗುವುದಿಲ್ಲ. ನಾನೂ ಕೊಡಗಿನಲ್ಲೇ ಹುಟ್ಟಿದವನು. ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮಪ್ಪ ನನ್ನನ್ನು ಓದಿಸಿದ್ದೇ ತಪ್ಪಾಯಿತು ಅಂತ ಕಾಣುತ್ತದೆ.

ದೇವರಕಾಡಿನ ಅಂಚಿನಲ್ಲಿ ಚಪ್ಪಲಿ ಬಿಟ್ಟೆವು. ಒಳಗೆ ಕಾಲಿಟ್ಟರೆ ತಣ್ಣಗಿನ ಮಣ್ಣು, ಎಲೆಗಳ ಮೆತ್ತೆ. ಹೊಸ ಮಳೆಗೆ ಜಿಗಣೆಗಳು ಎದ್ದಿದ್ದವು. ತಂಗಮ್ಮ ಮುಂದೆ, ಗಿರಿಜ ನಡುವೆ, ಬ್ಯಾಗ್ ಹೊತ್ತ ನಾನು ಹಿಂದೆ.

ಸ್ವಲ್ಪ ದೂರ ಹೋದ ಮೇಲೆ ತಂಗಮ್ಮ ನಿಂತು ಮೂಗು ಅರಳಿಸಿದರು. "ಎಂತ ಹಲಸಿನ ವಾಸನೆ?"

"ಕಾಡಲ್ಲಿ ಎಲ್ಲೋ ಹಣ್ಣಾಗಿರಬೇಕು ಟೀಚರ್," ಎಂದೆ.

"ಈ ಕಾಡಲ್ಲಿ ಹಲಸಿನ ಮರವೇ ಇಲ್ಲ ಮಾರಾಯ್ರೆ."

"ಗಾಳಿಗೆ ಬಂದಿರಬಹುದು."

ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಹೆಂಗಸು ನನ್ನನ್ನೇ ಒಂದು ಕ್ಷಣ ನೋಡಿ ಮುಂದೆ ನಡೆದರು. ಲೆಕ್ಚರರ್ ಎಂಬ ಮರ್ಯಾದೆಗೆ ಬಿಟ್ಟರೆಂದು ಕಾಣುತ್ತದೆ.

ಕಟ್ಟೆ ಬಂತು. ಕುದುರೆ ಇತ್ತು! ಫೋಟೋದಲ್ಲಿ ಕಂಡದ್ದಕ್ಕಿಂತ ಚೆಂದ. ಜೂಲಿನಲ್ಲಿ ಪಾಚಿ ಬೆಳೆದಿತ್ತು, ಒಂದು ರೆಕ್ಕೆಯ ತುದಿ ಸವೆದಿತ್ತು, ಮೆಳ್ಳೆಗಣ್ಣು ಮಾತ್ರ ನಿನ್ನೆ ಬರೆದಂತಿತ್ತು. ನಾವು ಮೂವರೂ ಕೈಮುಗಿದೆವು. ಆಮೇಲೆ ತಂಗಮ್ಮ ಒಂದು ಕಲ್ಲಿನ ಮೇಲೆ ಕುಳಿತು ಕಾಲಿನ ಜಿಗಣೆ ಕೀಳತೊಡಗಿದರು. ಗಿರಿಜ ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ಮರದ ಬೇರಿನ ಮೇಲೆ ಕುಳಿತಳು.

"ಬ್ಯಾಗ್ ಇಲ್ಲಿ ಕೊಡಿ. ನೀವು ಸಮಾಧಾನವಾಗಿ ಪ್ರಾರ್ಥನೆ ಮಾಡ್ಕೊಳ್ಳಿ. ಆಮೇಲೆ ನಾಯಿ ಇಡೋಣ," ಎಂದಳು. ನಾನು ಕೊಟ್ಟೆ. ಎಂಥ ದೊಡ್ಡ ತಪ್ಪು ಮಾಡುವಾಗಲೂ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ. ಬ್ಯಾಗ್ ಕೊಟ್ಟಾಗ ನನಗೆ ಭುಜ ಹಗುರವಾಯಿತು ಎಂದಷ್ಟೇ ಅನ್ನಿಸಿತು.

ಪ್ರಾರ್ಥನೆಯ ಭಂಗಿಯಲ್ಲಿ ಕಟ್ಟೆಯ ಮುಂದೆ ಮಂಡಿಯೂರಿದೆ. ವಿನಿಮಯಕ್ಕೆ ಮೊದಲು ಸರಕನ್ನು ಪರೀಕ್ಷಿಸುವುದು ಖರೀದಿದಾರನ ಹಕ್ಕು. ಗೊರಸಿನ ಅಡಿ ಒಮ್ಮೆ ನೋಡಿಬಿಟ್ಟರೆ ಸಾಕು. ಅತ್ತ ಇತ್ತ ನೋಡಿ, ಕೈ ಚಾಚಿ, ಕುದುರೆಯನ್ನು ಎತ್ತಿಕೊಂಡೆ.

ಎತ್ತಿಕೊಂಡು, ಗಿರಿಜ ನೋಡಿದಳೇನೋ ಎಂದು ತಿರುಗಿದೆ.

ಗಿರಿಜ ನೋಡಿರಲಿಲ್ಲ. ಸೀರೆಯ ಅಂಚಿಗೆ ಅಂಟಿದ್ದ ಹುಲ್ಲಿನ ಬೀಜ ತೆಗೆಯುತ್ತಿದ್ದಳು. ಅವಳ ಹಿಂದೆ ಒಂದು ಆನೆ ನಿಂತಿತ್ತು.

ಇದನ್ನು ಹಾಸ್ಯವಾಗಿ ಬರೆಯಲು ನಾಲ್ಕು ಸಲ ಪ್ರಯತ್ನಿಸಿದೆ. ಆಗಲಿಲ್ಲ. ಆನೆ ಬಂದ ಸದ್ದೇ ಇರಲಿಲ್ಲ. ಅಷ್ಟು ದೊಡ್ಡ ಪ್ರಾಣಿ, ಅಷ್ಟೊಂದು ಎಲೆ, ಕಡ್ಡಿ, ಒಂದು ಚೂರೂ ಸದ್ದಿಲ್ಲ. ಕಿವಿ ಬೀಸುತ್ತಿರಲಿಲ್ಲ. ಸೊಂಡಿಲ ತುದಿ ಮಾತ್ರ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಅದಕ್ಕೂ ಗಿರಿಜಳ ಬೆನ್ನಿಗೂ ನಡುವೆ ನಮ್ಮ ಮನೆಯ ಹಾಲ್‌ನಷ್ಟು ಜಾಗ ಇದ್ದಿರಬಹುದು. ಈಗಲೂ ಹಾಲ್‌ನಲ್ಲಿ ಕುಳಿತಾಗ ಆ ಗೋಡೆಯಿಂದ ಈ ಗೋಡೆಗೆ ಅಳೆಯುತ್ತೇನೆ. ಪ್ರತಿ ಸಲವೂ ಅದು ಹಿಂದಿನ ಸಲಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಕೂಗಬೇಕೆಂದು ಬಾಯಿ ತೆರೆದೆ. ದಿನಕ್ಕೆ ನಾಲ್ಕು ಪೀರಿಯಡ್ ಹಿಂದಿನ ಬೆಂಚಿನವರೆಗೆ ಕೇಳುವಂತೆ ಪಾಠ ಮಾಡುವ ಗಂಟಲು ನನ್ನದು. ಒಂದಕ್ಷರ ಬರಲಿಲ್ಲ.

ತಂಗಮ್ಮ ತಲೆ ಎತ್ತಿದರು, ನೋಡಿದರು. ಜಿಗಣೆ ಹಿಡಿದ ಕೈಯನ್ನು ಹಾಗೇ ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, "ಗಿರಿಜಾ," ಎಂದರು. "ಹಿಂದೆ ತಿರುಗಬೇಡ. ಎದ್ದು, ಮೆಲ್ಲಗೆ, ನನ್ನ ಕಡೆ ಬಾ."

ಗಿರಿಜಳಿಗೆ ಅರ್ಥವಾಯಿತು. ಎದ್ದಳು. ಎದ್ದವಳು, ಬಸ್ಸಿನಿಂದ ಇಳಿಯುವಾಗಲೂ ಎಂದೂ ಮರೆಯದ ಅಭ್ಯಾಸದಂತೆ, ಬ್ಯಾಗನ್ನು ಹೆಗಲಿಗೇರಿಸಿಕೊಂಡಳು!

ಅವಳು ಒಂದು ಹೆಜ್ಜೆ ಇಟ್ಟಳು. ಆನೆಯೂ ಒಂದು ಹೆಜ್ಜೆ ಇಟ್ಟಿತು. ಅವಳು ಇನ್ನೊಂದು. ಆನೆಯೂ ಇನ್ನೊಂದು.

"ಬ್ಯಾಗ್ ಬಿಡು ಗಿರಿಜಾ," ಎಂದರು ತಂಗಮ್ಮ.

"ಇದರಲ್ಲಿ ಇವರ ಹರಕೆ ನಾಯಿ ಇದೆ ಟೀಚರ್," ಎಂದು ಗಿರಿಜ ಹೇಳಿ ಬ್ಯಾಗನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ಆಗ ನನ್ನ ಗಂಟಲು ತೆರೆಯಿತು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಆಡಿದ ಅತ್ಯಂತ ಪ್ರಾಮಾಣಿಕವಾದ ಮಾತು ಹೊರಗೆ ಬಂತು.

"ಗಿರಿಜಾ! ಅದರಲ್ಲಿ ಹಲಸಿನ ಹಣ್ಣಿದೆ! ನಾನೇ ಇಟ್ಟಿದ್ದು!"

ಮೂವರೂ ನನ್ನ ಕಡೆ ನೋಡಿದರು. ಮೂರನೆಯದು ಆನೆ.

ಗಿರಿಜಳ ನೋಟದಲ್ಲಿ ಭಯ ಹೋಗಿ ಬೇರೆ ಏನೋ ಬಂತು. ಬ್ಯಾಗನ್ನು ನೆಲಕ್ಕೆ ಹಾಕಿ, ನಡೆದದ್ದೂ ಅಲ್ಲದ ಓಡಿದ್ದೂ ಅಲ್ಲದ ರೀತಿಯಲ್ಲಿ ತಂಗಮ್ಮನವರ ಕೈ ಸೇರಿದಳು. ತಂಗಮ್ಮ ಒಂದು ಕೈಯಲ್ಲಿ ಅವಳನ್ನು, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ಕಾಲರನ್ನು ಹಿಡಿದು ಕಟ್ಟೆಯ ಹಿಂದಿನ ದೊಡ್ಡ ಮರದ ಮರೆಗೆ ಎಳೆದರು. ನನ್ನನ್ನು ಎಳೆಯಲೇಬೇಕಾಯಿತು. ಕಾಲು ತಾನಾಗಿ ಬರುತ್ತಿರಲಿಲ್ಲ.

ಆನೆ ನಮ್ಮ ಹಿಂದೆ ಬರಲಿಲ್ಲ. ಬ್ಯಾಗಿನ ಬಳಿ ನಿಂತು ಸೊಂಡಿಲು ಒಳಗೆ ಹಾಕಿತು. ಮೊದಲು ಟವೆಲ್ ಬಂತು. ಆಮೇಲೆ ನನ್ನ ನಾಯಿ ಬಂತು. ಅದನ್ನು ಎರಡು ಸಲ ಮೂಸಿ, ಇದು ಏನೆಂದು ತಿಳಿಯದೆ, ಪಕ್ಕಕ್ಕೆ ಇಟ್ಟಿತು. ಕೊನೆಗೆ ಹಲಸು. ಕಾಲಿನಿಂದ ಒಂದು ಸಲ ಒತ್ತಿ ಬಿರಿಸಿ, ಬಹಳ ಅಚ್ಚುಕಟ್ಟಾಗಿ ತಿಂದಿತು. ಆಮೇಲೆ ಬಂದ ಹಾಗೇ ಸದ್ದಿಲ್ಲದೆ ಕಾಡಿನೊಳಗೆ ಹೋಯಿತು. ಆ ಆನೆ ಎಲ್ಲೇ ಇರಲಿ, ಸುಖವಾಗಿರಲಿ. ಕಾಫಿ ತೋಟದವರು ಕ್ಷಮಿಸಬೇಕು, ನನಗೆ ಅದರ ಮೇಲೆ ಸಿಟ್ಟು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಏನೆಂದು ಅದಕ್ಕೆ ಗೊತ್ತಿತ್ತು. ಅಷ್ಟನ್ನೇ ತೆಗೆದುಕೊಂಡಿತು.

ಎಷ್ಟೋ ಹೊತ್ತಿನ ಮೇಲೆ ತಂಗಮ್ಮ ಮರದ ಮರೆಯಿಂದ ಈಚೆ ಬಂದರು. ಆಮೇಲೆ ನನ್ನ ಬಲಗೈ ನೋಡಿದರು.

"ಮೇಷ್ಟ್ರೇ, ಕೈಯಲ್ಲಿ ಎಂತ?"

ನಾನೂ ನೋಡಿದೆ. ಕುದುರೆ! ಬೆರಳುಗಳು ಅದರ ಸುತ್ತ ಬಿಗಿದು ಹೋಗಿದ್ದವು. ಹೆಂಡತಿಯ ಹಿಂದೆ ಆನೆ ನಿಂತಿದ್ದ ಅಷ್ಟೂ ಹೊತ್ತು ನಾನು ಭದ್ರವಾಗಿ ಹಿಡಿದುಕೊಂಡದ್ದು ಇದನ್ನು.

ಸುಳ್ಳು ಹೇಳಲು ಶಕ್ತಿ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ವಿನಿಮಯ, ಸಮತೋಲನ, ಹೆಚ್ಚುವರಿ ಹಲಸು. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ, ನಡುವೆ ಎರಡು ಸಲ ನಿಲ್ಲಿಸಿದೆ.

"ತಪ್ಪಾಯ್ತು ಟೀಚರ್," ಎಂದೆ.

"ನನಗಲ್ಲ. ಅಲ್ಲಿ ಹೇಳಿ." ಕಟ್ಟೆಯ ಕಡೆ ಕೈ ತೋರಿಸಿದರು.

ಕುದುರೆಯನ್ನು ಅದರ ಜಾಗದಲ್ಲೇ, ಪಾಚಿಯ ಮೇಲೆ ಉಳಿದಿದ್ದ ನಾಲ್ಕು ಗೊರಸಿನ ಗುರುತಿನ ಮೇಲೆ ಇಟ್ಟು ತಪ್ಪೊಪ್ಪಿಕೊಂಡೆ. ಅಡಿಯಲ್ಲಿ ಏನು ಬರೆದಿತ್ತು? ನೋಡಲಿಲ್ಲ. ನೆನಪೇ ಆಗಲಿಲ್ಲ!

ಅಷ್ಟರಲ್ಲಿ ತಂಗಮ್ಮ ಆನೆ ಬಿಟ್ಟುಹೋದ ನನ್ನ ನಾಯಿಯನ್ನು ಎತ್ತಿ ತಂದರು. ಒಂದು ಬಿರುಕೂ ಬಿಟ್ಟಿರಲಿಲ್ಲ. "ಇದನ್ನೂ ಇಡಿ. ಬದಲಿಗಲ್ಲ. ನಿಮ್ಮ ಹೆಂಡತಿ ಉಳಿದಳಲ್ಲ, ಅದಕ್ಕೆ. ಹರಕೆ ಹೊತ್ತುಕೊಳ್ಳುವ ಮೊದಲೇ ನಾಯಿ ತಂದವರು ಈ ಊರಲ್ಲಿ ನೀವೊಬ್ಬರೇ."

ಇಟ್ಟೆ. ಈ ಸಲ ಕೈಮುಗಿದಾಗ ಯಾವ ಲೆಕ್ಕವೂ ತಲೆಯಲ್ಲಿರಲಿಲ್ಲ. ಕಣ್ಣು ಮುಚ್ಚಿ ಪಕ್ಕದಲ್ಲಿ ಗಿರಿಜ ಉಸಿರಾಡುವುದನ್ನು ಕೇಳುತ್ತಾ ನಿಂತಿದ್ದೆ. ಅವಳ ಬಳೆಯ ಸದ್ದು ಕೇಳಿಸಿತು. ಇಷ್ಟು ವರ್ಷ ಅದು ಸದ್ದು ಮಾಡುತ್ತದೆಂದೇ ಗಮನಿಸಿರಲಿಲ್ಲ.

ತಂಗಮ್ಮನವರ ಮನೆಯಲ್ಲಿ ಬೆಲ್ಲದ ಕಾಫಿ ಕೊಟ್ಟರು. ಬಸ್ಸಿನಲ್ಲಿ ಗಿರಿಜ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡತೊಡಗಿದಳು. ಮಡಿಕೇರಿ ದಾಟಿತು. ಇಳಿಜಾರು ಶುರುವಾಯಿತು. ಅವಳು ಕೇಳುವ ಪ್ರಶ್ನೆ ನನಗೆ ಗೊತ್ತಿತ್ತು. ಅದಕ್ಕೆ ಉತ್ತರಗಳನ್ನು ಸಿದ್ಧಪಡಿಸುತ್ತಲೇ ಇದ್ದೆ. ಓಡಿದರೆ ಆನೆ ಬೆದರುತ್ತದೆ ಎಂಬುದು ಒಂದು. ನಾನು ಸಂದರ್ಭವನ್ನು ಅವಲೋಕಿಸುತ್ತಿದ್ದೆ ಎಂಬುದು ಇನ್ನೊಂದು. ಎಲ್ಲವೂ ಹತ್ತು ಅಂಕದ ಪ್ರಶ್ನೆಗೆ ತಕ್ಕಷ್ಟು ಉದ್ದವಾಗಿದ್ದವು.

ಸುಂಟಿಕೊಪ್ಪದ ಹತ್ತಿರ ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಯಾಕ್ರೀ, ಒಂದು ಹೆಜ್ಜೇನೂ ನನ್ನ ಕಡೆ ಬರ್ಲಿಲ್ಲ?"

ಸಿದ್ಧಪಡಿಸಿದ ಉತ್ತರಗಳೆಲ್ಲ ಎಲ್ಲಿ ಹೋದವೋ. "ಹೆದರಿಕೆ ಆಯ್ತು ಗಿರಿಜ," ಎಂದೆ. "ಕಾಲೇ ಬರ್ಲಿಲ್ಲ. ನಿನಗೆ ಏನಾದರೂ ಆಗಿದ್ದರೆ..." ಕಂಡಕ್ಟರ್ ನಮ್ಮ ಕಡೆಯೇ ನೋಡುತ್ತಿದ್ದ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನಗುತ್ತಿದ್ದಳು! ಕಣ್ಣಲ್ಲಿ ನೀರೂ ಇತ್ತು, ನಗುವೂ ಇತ್ತು.

"ಬರದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ನೀವು ಓಡಿ ಬಂದಿದ್ರೆ ಬೇರಿಗೆ ಎಡವಿ, ನನ್ನನ್ನೂ ಬೀಳಿಸಿ, ಆನೆ ಕಾಲಿಗೇ ಹೋಗಿ ಬೀಳ್ತಿದ್ರಿ. ನಿಮ್ಮನ್ನ ನೋಡಿ ಇಪ್ಪತ್ತಾರು ವರ್ಷ ಆಯ್ತಲ್ಲ, ನನಗೆ ಗೊತ್ತಿಲ್ವಾ?"

ನನ್ನನ್ನು ಇಷ್ಟು ಚೆನ್ನಾಗಿ ಬಲ್ಲವಳು ಪಕ್ಕದ ಸೀಟಿನಲ್ಲಿ ಜೀವಂತವಾಗಿ ಕುಳಿತಿದ್ದಳು, ಅಷ್ಟು ಸಾಕಾಗಿತ್ತು. ಯೋಚಿಸಿ ನೋಡಿದರೆ ಅವಳು ಹೇಳಿದ್ದೂ ಸರಿ. ಯೋಜನೆ, ಸಿದ್ಧಾಂತ, ಸಿದ್ಧತೆ ಎಂದು ನಾನು ಮಾಡಿದ ಪ್ರತಿಯೊಂದು ಕೆಲಸವೂ ಅವಳನ್ನು ಆನೆಯ ಹತ್ತಿರ ಹತ್ತಿರಕ್ಕೇ ಒಯ್ದಿತ್ತು. ಹಲಸಿನ ಸತ್ಯ ಕೂಗಿ ಹೇಳಿದ್ದನ್ನು ಬಿಟ್ಟರೆ, ಅವಳ ಪ್ರಾಣ ಉಳಿಸಲು ನನ್ನಿಂದ ಸಂದ ಏಕೈಕ ನೆರವು ಎಂದರೆ, ಆ ಕೆಲವು ನಿಮಿಷ ನಾನು ಏನನ್ನೂ ಮಾಡದೆ ಕಂಬದಂತೆ ನಿಂತದ್ದು!